ಲೆಕ್ಕಕ್ಕಿಲ್ಲದ ಮಾತು

ನವೆಂಬರ್ 18, ಸೋಮವಾರ

ಇಂದು ಸುಧಾ ಆಡಿದ ಮಾತು: "ಆ". ಎರಡು ಸಲ.

ದಿನವೂ ಹೀಗೆ ಬರೆದಿಡಿ ಎಂದು ಮಡಿಕೇರಿಯ ದಿವ್ಯ ಮೇಡಂ ಹೇಳಿದ್ದಾರೆ. ಮಾತು ಹೋದವರಿಗೆ ಮಾತು ಕಲಿಸುವುದು ಅವರ ಕೆಲಸ. ಗುರುವಾರ ಗುರುವಾರ ಹೋದಾಗ, ಯಾವ ಮಾತು ಬಂತು, ಯಾವಾಗ ಬಂತು ಎಂದು ಹೇಳಬೇಕಂತೆ. ಅದಕ್ಕೆಂದು ಇನ್ನೂರು ಪುಟದ ನೋಟ್‌ಬುಕ್ ತಂದೆ. ಒಂದು ಅಕ್ಷರಕ್ಕೆ ಇನ್ನೂರು ಪುಟ.

ನಾನು ಶಿರಂಗಾಲದಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವವನು. ನನ್ನ ಬರವಣಿಗೆ ಎಂದರೆ ಸುಟ್ಟ ಮೋಟಾರಿಗೆ ಚೀಟಿ ಕಟ್ಟಿ ಅದರ ಯಜಮಾನನ ಹೆಸರು ಬರೆಯುವುದು, ಅಷ್ಟೆ. ಓದು, ಬರಹ ಎಲ್ಲ ಸುಧಾಳ ಇಲಾಖೆ. ಇಪ್ಪತ್ತನಾಲ್ಕು ವರ್ಷದಿಂದ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಮನೆಯ ಎರಡು ಗೋಡೆ ತುಂಬ ಅವಳ ಪುಸ್ತಕ. "ಇಷ್ಟೂ ಸೇರಿ ಒಂದು ಬಲ್ಬಾದ್ರೂ ಹತ್ತಿಸ್ತವೇನೆ?" ಎಂದು ನಾನು ರೇಗಿಸುತ್ತಿದ್ದೆ. "ನಿಮ್ಮ ತಲೇಲಿ ಹೋಲ್ಡರ್ರೇ ಇಲ್ವಲ್ಲ, ಎಲ್ಲಿ ಹತ್ತಿಸ್ಲಿ?" ಎಂದು ಅವಳು ತಿರುಗಿಸಿ ಕೊಡುತ್ತಿದ್ದಳು. ಬಾಯಲ್ಲಿ ಅವಳನ್ನು ಗೆದ್ದವರಿಲ್ಲ.

ಹೋದ ತಿಂಗಳು ಇಪ್ಪತ್ತೇಳಕ್ಕೆ ಅಡುಗೆಮನೆಯಲ್ಲಿ ಬಿದ್ದಳು. ಸ್ಟ್ರೋಕ್ ಎಂದರು. ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ನಿಂತವು. ಕಾಲು ಸ್ವಲ್ಪ ಏಳುತ್ತಿದೆ. ನಾವು ಆಡುವುದೆಲ್ಲ ಅವಳಿಗೆ ಅರ್ಥವಾಗುತ್ತದೆ. ಹೇಳಲು ಹೋದರೆ ಮಾತು ಸಿಗುವುದಿಲ್ಲ. ಬಾಯಿ ತೆರೆದು ಹುಡುಕುತ್ತಾಳೆ. ಅದನ್ನು ನೋಡುತ್ತ ನಿಲ್ಲುವುದಕ್ಕಿಂತ ಅಂಗಡಿಯಲ್ಲಿ ಕೂತಿರುವುದು ಸುಲಭ. ನಿಜ ಹೇಳುತ್ತಿದ್ದೇನೆ, ಇದನ್ನು ಓದುವವರು ಯಾರೂ ಇಲ್ಲವಲ್ಲ.

ನವೆಂಬರ್ 21, ಗುರುವಾರ

ಮಡಿಕೇರಿಗೆ ಹೋಗಿ ಬಂದೆವು. ದಿವ್ಯ ಮೇಡಂ ಚಿತ್ರದ ಕಾರ್ಡುಗಳನ್ನು ಒಂದೊಂದೇ ಹಿಡಿದರು. ಸೇಬು. ಲೋಟ. ಬೆಕ್ಕು. ಸುಧಾ "ಬ... ಬ..." ಎಂದಳು. ಇಪ್ಪತ್ತನಾಲ್ಕು ವರ್ಷ ಮಕ್ಕಳಿಗೆ ಸಮಾಸ, ಸಂಧಿ ಬಿಡಿಸಿ ಹೇಳಿದ ಹೆಂಗಸಿಗೆ ಬೆಕ್ಕಿನ ಚಿತ್ರ. ಅವಳಿಗೆ ಕಣ್ಣೀರು ಸುರಿಯಿತು. ನಾನು ಕಾರ್ಡುಗಳನ್ನು ಕಿತ್ತುಕೊಂಡು ಮೇಜಿನ ಮೇಲೆ ಮಗುಚಿ ಇಟ್ಟೆ.

ದಿವ್ಯ ಮೇಡಂ ಸಿಟ್ಟಾಗಲಿಲ್ಲ. ಗಾಳಿಬೀಡಿನ ಕಡೆಯ ಹುಡುಗಿ, ಮೂವತ್ತೂ ಆಗಿರಲಿಕ್ಕಿಲ್ಲ. "ಮಾತು ಒಳಗೆ ಉಟ್ಟು ಸರ್," ಎಂದರು. ಅವರ ಮನೆಯ ಅರೆಭಾಷೆ ಬಾಯಿಗೆ ಬಂದುಬಿಟ್ಟಿತ್ತು. ಆಮೇಲೆ ನಕ್ಕು, "ಉಂಟು ಸರ್, ಇದೆ. ದಾರಿ ಕಟ್ಟಿಕೊಂಡಿದೆ, ಅಷ್ಟೇ," ಎಂದರು.

ದೊಡ್ಡ ಡಾಕ್ಟರು ಮಾತ್ರ, "ಆರು ತಿಂಗಳಲ್ಲಿ ಎಷ್ಟು ಬರುತ್ತೋ ಅಷ್ಟೇ. ಆಮೇಲೆ ಹೆಚ್ಚು ಆಸೆ ಇಟ್ಕೋಬೇಡಿ," ಎಂದರು. ಅವರು ಫೈಲು ನೋಡಿಯೇ ಮಾತಾಡಿದರು. ಸುಧಾಳ ಮುಖ ನೋಡಲಿಲ್ಲ.

ನವೆಂಬರ್ 26

ಏನೂ ಇಲ್ಲ.

ನವೆಂಬರ್ 30, ಶನಿವಾರ

ಇಂದು ಬರೆಯುವುದಕ್ಕೆ ಬಹಳ ಇದೆ.

ನಮ್ಮತ್ತೆ ಶಕುಂತಲಮ್ಮ, ಸುಧಾಳ ತಾಯಿ, ನಮ್ಮ ಜೊತೆಯಲ್ಲೇ ಇರುವುದು. ಮಧ್ಯಾಹ್ನ ಅಕ್ಕಿಯಲ್ಲಿ ಕಲ್ಲು ಆರಿಸುತ್ತ ತಮ್ಮಷ್ಟಕ್ಕೆ ತಾವು ಗುನುಗುತ್ತಿದ್ದರು. ಸುಧಾ ಚಿಕ್ಕವಳಿದ್ದಾಗ ಹಾಡುತ್ತಿದ್ದ ಪದ.

"ಹೊಳೆಯಾಚೆ ದಂಡೇಲಿ ಹೊಲವೆಲ್ಲ ಹಸುರಾಗಿ
ಎಳೆಬಿಸಿಲು ಕಾಲ ತೊಳೆದೈತೆ, ನನಮಗಳು..."

ಅಷ್ಟಕ್ಕೆ ಅವರಿಗೆ ಕೆಮ್ಮು ಬಂತು. ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಕುರ್ಚಿಯಿಂದ ಸುಧಾಳ ದನಿ:

"ಬೆಳಗಾಗಿ ಮನೆಗೆ ಬರುವಾಳು."

ಒಂದೂ ಅಕ್ಷರ ತೊದಲದೆ, ರಾಗವೂ ತಪ್ಪದೆ. ಅತ್ತೆಯ ಮೊರ ಮಗುಚಿ ಅಕ್ಕಿಯೆಲ್ಲ ನೆಲದ ಮೇಲೆ. ಸುಧಾ ತನ್ನ ಬಾಯಿಯನ್ನು ಎಡಗೈಯಲ್ಲಿ ಮುಟ್ಟಿ ನೋಡಿಕೊಂಡಳು, ಬೇರೆ ಯಾರೋ ಮಾತಾಡಿದರೇನೋ ಎಂಬಂತೆ. "ಇನ್ನೊಂದ್ಸಲ ಹೇಳು ಮಗಳೆ," ಎಂದು ಅತ್ತೆ ಬೇಡಿಕೊಂಡರು. ಬರಲಿಲ್ಲ. ಅತ್ತೆ ಮೊದಲಿಂದ ಹಾಡಿದರು. ಬಂತು!

ಇಂದಿನ ಲೆಕ್ಕ: ಮೂರು ಮಾತು, ಹನ್ನೊಂದು ಸಲ.

ಡಿಸೆಂಬರ್ 5, ಗುರುವಾರ

ಓಡೋಡಿ ಮಡಿಕೇರಿಗೆ ಹೋದೆವು. ದಿವ್ಯ ಮೇಡಂಗೆ ಖುಷಿಯಾಯಿತು. ಹಾಡು, ಪದ್ಯಗಳು ಮಿದುಳಿನ ಬೇರೆ ಜಾಗದಲ್ಲೂ ಬೇರು ಬಿಟ್ಟಿರುತ್ತವೆ, ಕೆಲವರಿಗೆ ಹೀಗೆ ಉಳಿಯುತ್ತದೆ, ಅದನ್ನೇ ಹಿಡಿದು ಮೇಲೆ ಬರಬಹುದು ಎಂದರು. ದೊಡ್ಡ ಡಾಕ್ಟರ ಹತ್ತಿರವೂ ಹೇಳಿದೆ. "ಅದು ತಾನಾಗೇ ಬರೋದು ಮಲ್ಲಪ್ಪ. ಬಾಯಿಪಾಠ. ಅದನ್ನ ಮಾತು ಅಂತ ಲೆಕ್ಕಕ್ಕೆ ತಗೊಳ್ಳೋಕಾಗಲ್ಲ."

ದಾರಿಯುದ್ದಕ್ಕೂ ಅದೇ ಕೊರೆಯಿತು. ಬಾವಿಗೆ ಕೂರಿಸಿದ ಪಂಪು ಒಣಗಿ ನಿಂತರೆ ನಾವು ಏನು ಮಾಡುತ್ತೇವೆ? ಮೊದಲು ಮೇಲಿಂದ ಎರಡು ಕೊಡ ನೀರು ಹುಯ್ಯುತ್ತೇವೆ, ಆಗಲೇ ಅದು ಕೆಳಗಿನ ನೀರನ್ನು ಎಳೆಯುವುದು. ಹೊಯ್ದ ನೀರು ಲೆಕ್ಕಕ್ಕಿಲ್ಲ ಎನ್ನುವವನು ಪಂಪು ನಡೆಸಿದವನಲ್ಲ. ಅವರು ಮಿದುಳಿನ ಡಾಕ್ಟರಾಗಿರಬಹುದು. ನಾನು ನಿಂತುಹೋದದ್ದನ್ನು ನಡೆಸುವವನು. ನೋಡೋಣ.

ಡಿಸೆಂಬರ್ 8, ಭಾನುವಾರ

ಅವಳ ಪುಸ್ತಕದ ಗೋಡೆಯ ಮುಂದೆ ಸ್ಟೂಲು ಹಾಕಿಕೊಂಡು ಕೂತೆ. ಎಲ್ಲಿಂದ ಶುರು ಮಾಡುವುದೋ ಗೊತ್ತಾಗಲಿಲ್ಲ. ಕೊನೆಗೆ ಅವಳ ಪಾಠದ ನೋಟ್ಸು ಸಿಕ್ಕಿತು. "ಸಾಹಿತ್ಯ ಪ್ರಕಾರಗಳು, ಎಂಟನೇ ತರಗತಿ" ಎಂದು ಮೇಲೆ ಗೆರೆ ಎಳೆದು ಬರೆದಿದ್ದಾಳೆ. ಪುಸ್ತಕದ ಭಾಷೆಯಲ್ಲ, ಮಕ್ಕಳಿಗೆ ಹೇಳುವ ಹಾಗೆ:

"ಪದ್ಯ: ಮರೆಯಬಾರದು ಅಂತ ಕಟ್ಟಿಟ್ಟ ಮಾತು. ಕತೆ: ಒಬ್ಬರಿಗೆ ಆದದ್ದು ಇನ್ನೊಬ್ಬರಿಗೂ ಆಗುವ ಹಾಗೆ ಹೇಳುವುದು. ನಾಟಕ: ಎದುರಿಗೆ ಒಬ್ಬರು ನಿಂತರೆ ಮಾತ್ರ ಹುಟ್ಟುವ ಮಾತು. ಪ್ರಬಂಧ: ಒಬ್ಬರು ಯೋಚಿಸುತ್ತ ನಡೆಯುವಾಗ ಅವರ ಜೊತೆ ಸುಮ್ಮನೆ ನಡೆಯುವುದು."

ನಮಗೆ ಮದುವೆಯಾಗಿ ಇಪ್ಪತ್ತೆರಡು ವರ್ಷ. ಇದನ್ನು ನನಗೆ ಒಮ್ಮೆಯೂ ಹೇಳಿರಲಿಲ್ಲ. ನಾನು ಕೇಳಿದ್ದರೆ ತಾನೆ?

ಡಿಸೆಂಬರ್ 17, ಮಂಗಳವಾರ

ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಒಂದು ಗಂಟೆ ಓದು. ಪದ್ಯದ ಸಾಲನ್ನು ನಾನು ಅರ್ಧಕ್ಕೆ ನಿಲ್ಲಿಸಿದರೆ ಉಳಿದರ್ಧ ಅವಳಿಂದ ಬರುತ್ತದೆ. ಹಳೆಗನ್ನಡ ನನ್ನ ಬಾಯಲ್ಲಿ ಗೇರು ಸರಿಯಾಗಿ ಬೀಳದ ಲಾರಿಯ ಹಾಗೆ ಹೋಗುತ್ತದೆ. ಅವಳು ತಲೆ ಚಚ್ಚಿಕೊಂಡು, ಸಾಲನ್ನು ತಾನೇ ಮುಗಿಸಿ ಸರಿಮಾಡುತ್ತಾಳೆ. ಒಮ್ಮೆ ಪ್ರಬಂಧ ಓದಿದೆ. ಮೂರನೇ ಪುಟಕ್ಕೆ ಅವಳು ನಿದ್ದೆ, ಐದನೇ ಪುಟಕ್ಕೆ ನಾನು. ಅತ್ತೆ ಇಬ್ಬರನ್ನೂ ಎಬ್ಬಿಸಿ ಕಾಫಿ ಕೊಟ್ಟರು.

ಕಾದಂಬರಿಯೊಂದನ್ನು ಅಂಗಡಿಗೂ ಒಯ್ದಿದ್ದೇನೆ. ಓದುವ ಚಟದಿಂದಲ್ಲ. ನಾಳೆ ಅವಳಿಗೆ ಓದಿ ಹೇಳುವಾಗ ಎಡವಬಾರದು, ಅದಕ್ಕೆ ಮುಂದೆ ನೋಡಿಕೊಂಡೆ. ಅದರಲ್ಲಿ ಒಬ್ಬ ಅಣ್ಣ ತಮ್ಮನಿಗೆ ಮೋಸ ಮಾಡಲು ಹೊರಟಿದ್ದಾನೆ, ತಮ್ಮನಿಗೆ ಗೊತ್ತಿಲ್ಲ. ಹಳೇ ಗಿರಾಕಿ ಜವರಯ್ಯ ಮೋಟಾರು ತಂದು ಕೌಂಟರಿನ ಮುಂದೆ ಎಷ್ಟು ಹೊತ್ತು ನಿಂತಿದ್ದನೋ. "ಏನಣ್ಣ, ಕಣ್ಣಲ್ಲಿ ನೀರು?" ಎಂದ. ಮೋಟಾರಿನ ತಂತಿಗೆ ಹಚ್ಚುವ ವಾರ್ನಿಶ್‌ನ ಹೊಗೆ ಎಂದೆ.

ಡಿಸೆಂಬರ್ 29, ಭಾನುವಾರ

ಹೆಡ್‌ಮಾಸ್ಟರ್ ಆನಂದ್ ಹಣ್ಣು ಹಿಡಿದುಕೊಂಡು ಮನೆಗೆ ಬಂದಿದ್ದರು. ಹಣ್ಣಿನ ಕೆಳಗೆ ಒಂದು ಫಾರಂ.

"ಮಲ್ಲಪ್ಪೋರೆ, ತಪ್ಪು ತಿಳ್ಕೋಬೇಡಿ. ಮೇಡಂ ತಾವಾಗೇ ರಿಟೈರ್ಮೆಂಟ್ ಕೇಳಿದ್ರೆ ಮರ್ಯಾದೆಯಾಗಿ ಮುಗಿಯುತ್ತೆ. ಇಲ್ಲಾಂದ್ರೆ ಮೆಡಿಕಲ್ ಬೋರ್ಡಿಗೆ ಹೋಗ್ಬೇಕು. ಅಲ್ಲಿ ಮೂರು ಜನ ಡಾಕ್ಟ್ರ ಮುಂದೆ ನಿಲ್ಲಿಸಿ ಪ್ರಶ್ನೆ ಕೇಳ್ತಾರೆ. ಅವರಿಗೆ ಅದು ಯಾಕೆ?"

"ಕೇಳ್ಲಿ ಬುಡಿ."

"ಹತ್ತನೇ ಕ್ಲಾಸಿಗೆ ಟೀಚರಿಲ್ಲ. ನನ್ನ ಕಷ್ಟಾನೂ ನೋಡಿ."

ಅವರ ಕಷ್ಟ ಸುಳ್ಳಲ್ಲ. ಕೆಟ್ಟ ಮನುಷ್ಯನೂ ಅಲ್ಲ. ಆದರೆ ಸುಧಾ ಎದುರಿಗೇ ಕೂತಿದ್ದಾಳೆ, ಎಲ್ಲವೂ ಕೇಳಿಸುತ್ತಿದೆ. ಅವಳ ಬದುಕನ್ನು ನನ್ನ ಹತ್ತಿರ ಕೇಳುತ್ತಿದ್ದಾರೆ! ಫಾರಂ ಅನ್ನು ಅವಳ ಮುಂದೆಯೇ ಇಟ್ಟೆ. ಅವಳು ಎಡಗೈಯಲ್ಲಿ ಅದನ್ನು ಮಡಚಿದಳು, ಇನ್ನೊಮ್ಮೆ ಮಡಚಿದಳು, ಬಾಳೆಹಣ್ಣಿನ ಚಿಪ್ಪಿನ ಕೆಳಗೆ ತುರುಕಿ ತಟ್ಟೆಯನ್ನು ಅವರತ್ತ ತಳ್ಳಿದಳು.

"ಉತ್ತರ ಸಿಕ್ತಲ್ಲ ಸರ್?" ಎಂದೆ.

ಬೋರ್ಡು ಫೆಬ್ರವರಿ ಹನ್ನೊಂದಕ್ಕೆ.

ಜನವರಿ 7, ಮಂಗಳವಾರ

ನಾಟಕ! ಇಷ್ಟು ದಿನ ಯಾಕೆ ತಲೆಗೆ ಹೊಳೆಯಲಿಲ್ಲ?

ಸ್ಕೂಲ್ ಡೇಗೆಂದು ಅವಳೇ ಬರೆದಿದ್ದ ನಾಟಕ ಕಪಾಟಿನಲ್ಲಿತ್ತು. ಹರಿಗೋಲು ನಡೆಸುವ ಒಬ್ಬ ಅಜ್ಜಿಗೂ ಒಬ್ಬ ಅಧಿಕಾರಿಗೂ ಜಗಳ. ನಾನು ಅಧಿಕಾರಿಯಾದೆ.

"ಈ ಹೊಳೆ ಯಾರದ್ದು?" ಎಂದು ಗದರಿದೆ.

"ದಾಟು... ದಾಟುವವರದ್ದು."

"ಪರವಾನಗಿ ಎಲ್ಲಿ?"

"ಹುಟ್ಟು... ಹಿಡಿ. ಅದೇ... ಪರವಾನಗಿ!"

ಪದ್ಯದ ಸಾಲು ಬರುವಾಗ ಅವಳ ಮುಖದಲ್ಲಿ ಏನೂ ಇರುತ್ತಿರಲಿಲ್ಲ. ಇಲ್ಲಿ ಹುಬ್ಬು ಏರಿತು, ಕಣ್ಣು ಉರಿಯಿತು. ಬರೆದದ್ದಕ್ಕಿಂತ ಮಾತು ಕಡಿಮೆಯಿತ್ತು, ಆದರೆ ಅದು ನನ್ನ ಮುಖಕ್ಕೆ ಹೊಡೆದ ಮಾತು. ದಿವ್ಯ ಮೇಡಂಗೆ ಫೋನು ಮಾಡಿದೆ. "ಬುಡ್ಬೇಡಿ ಸರ್, ದಿನಾ ಜಗಳ ಆಡಿ," ಎಂದರು. ನನ್ನ ಜೊತೆ ಮಾತಾಡಿ ಮಾತಾಡಿ ಅವರಿಗೂ ನಮ್ಮ ಕಡೆಯ "ಬುಡಿ" ಅಂಟಿಕೊಂಡಿದೆ.

ಜನವರಿ 19, ಭಾನುವಾರ

ತಪ್ಪು ನನ್ನದು. ಬರೆದುಬಿಡುತ್ತೇನೆ.

ಈಚೆಗೆ ಮನೆಗೆ ಬಂದವರ ಮುಂದೆಲ್ಲ ಅವಳ ಕೈಲಿ ಹೇಳಿಸುತ್ತಿದ್ದೆ. ಹಾಲಿನವರು, ಹಾರಂಗಿಯಿಂದ ಬಂದ ನಮ್ಮ ನೆಂಟರು, ಯಾರು ಬಂದರೂ ಪದ್ಯದ ಅರ್ಧ ಸಾಲು ಎಸೆಯುವುದು, ಅವಳು ಮುಗಿಸುವುದು, ಅವರು ಬೆರಗಾಗುವುದು. ಡಾಕ್ಟರಿಗೆ ಸಡ್ಡು ಹೊಡೆದ ಹಾಗೆ ನನಗೊಂದು ಹೆಮ್ಮೆ. ಇಂದು ಜವರಯ್ಯ, ಅವನ ಹೆಂಡತಿ ಕಾಂತಮ್ಮ ಬಂದಿದ್ದರು.

"ಈಗ ನೋಡು ಕಾಂತಮ್ಮ," ಎಂದು ನಾನು ಶುರು ಮಾಡಿದೆ. ಸುಧಾ ಸುಮ್ಮನಿದ್ದಳು. ಮತ್ತೆ ಹೇಳಿದೆ. ಸುಮ್ಮನೆ. ಮೂರನೇ ಸಲ ಸ್ವಲ್ಪ ಜೋರಾಗಿಯೇ ಹೇಳಿದೆ. ಅವಳು ಪಕ್ಕದಲ್ಲಿದ್ದ ಪುಸ್ತಕ ತೆಗೆದು ನನ್ನ ಎದೆಗೆ ಎಸೆದಳು.

"ಸಾಕು!"

ಪುಸ್ತಕ ನನ್ನ ಕಾಲ ಬಳಿ ಬಿತ್ತು.

"ನಾನು..." ಮುಖ ಕೆಂಪಾಯಿತು, ಕುತ್ತಿಗೆಯ ನರ ಉಬ್ಬಿತು. "ನಾನು... ಗಿಣಿ... ಅಲ್ಲ."

ನನಗೆ ಮೊದಲು ಹೊಳೆದದ್ದು ಏನು ಗೊತ್ತೆ? ನಾಲ್ಕು ಮಾತು! ಯಾವ ಪದ್ಯದಲ್ಲೂ ಇಲ್ಲದ, ಯಾರೂ ಎತ್ತಿಕೊಡದ, ಅವಳದೇ ನಾಲ್ಕು ಮಾತು! ಕುಣಿಯುವಂತಾಯಿತು. ಆಮೇಲೆ, ಅವಳು ಏನೆಂದಳು ಎಂಬುದು ತಲೆಗೆ ಹೋಯಿತು. ಜವರಯ್ಯ ದಂಪತಿ ಮೆಲ್ಲಗೆ ಎದ್ದು ಹೋದರು. ನಾನು ಅವಳ ಎದುರು ನೆಲದ ಮೇಲೆ ಕೂತು, "ತಪ್ಪಾಯ್ತು ಕಣೆ," ಎಂದೆ. ಅವಳು ಮುಖ ತಿರುಗಿಸಿದಳು. ಅತ್ತೆ ಒಳಗಿಂದ, "ನನ್ನ ಮಗಳು ಬೈತಾಳೆ ಅಂದ್ರೆ ಹುಷಾರಾದ್ಲು ಅಂತ್ಲೇ ಲೆಕ್ಕ," ಎಂದರು.

ಇಂದಿನಿಂದ ಮಾತು ಎಣಿಸುವುದನ್ನು ಬಿಟ್ಟೆ.

ಫೆಬ್ರವರಿ 11, ಮಂಗಳವಾರ

ಬೋರ್ಡು ಮುಗಿಯಿತು.

ಉದ್ದನೆಯ ಮೇಜು, ಮೂರು ಜನ. ನಡುವೆ ಕೂತವರು ಕೇಳಿದರು: "ನಿಮ್ಮ ಹೆಸರೇನಮ್ಮ?"

"ಸ... ಸ..." ಬೆಳಿಗ್ಗೆ ಮನೆಯಲ್ಲಿ ಎರಡು ಸಲ ಹೇಳಿದ್ದಳು. ಅಲ್ಲಿ ಬರಲಿಲ್ಲ.

"ಎಷ್ಟು ವರ್ಷ ಸರ್ವಿಸ್?" ಬರಲಿಲ್ಲ. ಒಂದು ಪೇಪರು ಕೊಟ್ಟು ಮೊದಲ ಸಾಲು ಓದಿ ಎಂದರು. ಒಂದು ಪದ ಓದಿ ನಿಂತಳು.

"ನಾಟಕದಲ್ಲಿ ಉತ್ತರ ಕೊಡ್ತಾಳೆ ಸರ್. ಒಂದು ಸಲ ಕೇಳಿ. ನಾನು ಅಧಿಕಾರಿ ಆಯ್ತೀನಿ," ಎಂದೆ. ನನಗೇ ಕೇಳಿಸಿತು, ಹುಚ್ಚನ ಮಾತಿನ ಹಾಗಿತ್ತು.

"ನೋಡಿ ಯಜಮಾನ್ರೆ, ಬಾಯಿಪಾಠ ಬೇರೆ, ಭಾಷೆ ಬೇರೆ. ಅವರು ಕ್ಲಾಸಿನಲ್ಲಿ ನಿಂತು ಪಾಠ ಮಾಡಬಲ್ಲರಾ? ಅದಷ್ಟೇ ನಮಗೆ ಬೇಕು."

"ಹೂಂ," ಎಂದಳು ಸುಧಾ. ಸ್ಪಷ್ಟವಾಗಿ, ಅವರ ಕಣ್ಣನ್ನೇ ನೋಡುತ್ತ.

ಅವರು ಪೆನ್ನು ಎತ್ತಿದರು, ಒಂದು ಕ್ಷಣ ತಡೆದರು, ಬರೆದರು. ಅನರ್ಹ.

ಫೆಬ್ರವರಿ 12

ಅಂಗಡಿ ತೆಗೆಯಲಿಲ್ಲ.

ಫೆಬ್ರವರಿ 22, ಶನಿವಾರ

ಶಾಲೆಯಲ್ಲಿ ಬೀಳ್ಕೊಡುಗೆ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಸಿದ್ಧವಾಗಿತ್ತು. ಸುಧಾ ಕೋಲೂರಿಕೊಂಡು ಸ್ಟಾಫ್ ರೂಮಿನ ಬಾಗಿಲು ದಾಟಿ ಸೀದಾ ಮುಂದಕ್ಕೆ ಹೊರಟಳು.

"ಮೇಡಂ, ಇಲ್ಲಿ, ಒಳಗೆ," ಎಂದು ಆನಂದ್ ಕರೆದರು.

"ಕ್ಲಾಸು," ಎಂದಳು.

"ಆದ್ರೆ ಮೇಡಂ, ಆರ್ಡರ್..."

"ಕ್ಲಾಸು!"

ಎಂಟನೇ ತರಗತಿಗೆ ಹೋದಳು. ಮಕ್ಕಳು ಎದ್ದು, "ನಮಸ್ತೇ ಮಿಸ್" ಎಂದು ಎಳೆದು ಹೇಳಿ, ಅವಳ ಕೋಲು, ಅವಳ ಕೈ ನೋಡಿ ಅರ್ಧಕ್ಕೆ ನಿಂತರು. ನಾನು, ಆನಂದ್ ಇಬ್ಬರೂ ಬಾಗಿಲಲ್ಲಿ. ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಇಲ್ಲಿಂದ ಅವಳನ್ನು ಎತ್ತಿಕೊಂಡು ಓಡಿಹೋಗೋಣ ಅನ್ನಿಸಿತು.

ಅವಳು ಮುಂದಿನ ಬೆಂಚಿನಿಂದ ಪುಸ್ತಕ ತೆಗೆದುಕೊಂಡಳು. ಒಂದು ಪದ್ಯದ ಪುಟ ಬಿಡಿಸಿ ಹುಡುಗಿಯೊಬ್ಬಳ ಕೈಗೆ ಕೊಟ್ಟು ಓದು ಎಂದು ಸನ್ನೆ ಮಾಡಿದಳು. ಬೀಗ ಹಾಕಿದ ಮನೆಯ ಮುಂದೆ ದಿನವೂ ಸಂಜೆ ಬಂದು ದೀಪ ಹಚ್ಚಿಟ್ಟು ಹೋಗುವ ಹೆಂಗಸಿನ ಪದ್ಯ ಅದು. ಮೋಕ್ಷಿತಾ ಎಂಬ ಆ ಹುಡುಗಿ ಓದಿ ಮುಗಿಸಿ ಕೂರಲು ಹೋದಳು.

"ಯಾಕೆ?" ಎಂದಳು ಸುಧಾ.

ತಾನು ಯಾಕೆ ಕೂತೆ ಎಂದು ಕೇಳಿದರು ಎಂದುಕೊಂಡು ಆ ಹುಡುಗಿ ಮತ್ತೆ ಎದ್ದಳು. ಸುಧಾ ತಲೆಯಲ್ಲಾಡಿಸಿ ಪುಸ್ತಕದ ಮೇಲೆ ಬೆರಳಿಟ್ಟಳು. "ಯಾಕೆ?"

"ದೀಪ ಯಾಕೆ ಇಡ್ತಾಳೆ ಅಂತಲಾ ಮಿಸ್? ಯಾರೋ ಬರ್ತಾರೆ ಅಂತ."

"ಅಲ್ಲ."

"ಅವಳಿಗೆ ತಲೆ ಸರಿ ಇಲ್ಲ ಮಿಸ್," ಎಂದ ಭವಿತ್ ಎಂಬ ಹುಡುಗ. ಎಲ್ಲ ನಕ್ಕರು. ಸುಧಾಳೂ ನಕ್ಕು, ಅವನತ್ತ ಕೋಲು ಚಾಚಿ, "ಯಾಕೆ?" ಎಂದಳು. ಅವನು ತಲೆ ಕೆರೆದುಕೊಂಡು ಪದ್ಯವನ್ನು ಮತ್ತೆ ಓದತೊಡಗಿದ.

ಆಮೇಲೆ ಕ್ಲಾಸು ಹೊತ್ತಿಕೊಂಡಿತು. ಅವಳ ಊರು ಅದು ಮಿಸ್. ಯಾಕೆ? ಅವಳ ತವರುಮನೆ ಇರಬೇಕು ಮಿಸ್. ಯಾಕೆ? ಎರಡನೇ ಸಾಲಲ್ಲಿ ಹೊಸಿಲು ಗುರುತು ಹಿಡಿದಳು ಅಂತ ಇದೆಯಲ್ಲ ಮಿಸ್! ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ. "ಯಾಕೆ", "ಅಲ್ಲ", "ಆ" ಈ ಮೂರರಲ್ಲೇ ಅವಳು ಇಡೀ ಪೀರಿಯಡ್ಡು ನಡೆಸಿದಳು. ಕೊನೆಗೆ ಆ ಮೋಕ್ಷಿತಾ ನಿಧಾನವಾಗಿ ಎದ್ದಳು.

"ಯಾರೂ ಬರಲ್ಲ ಅಂತ ಅವಳಿಗೆ ಗೊತ್ತು ಮಿಸ್. ಆದ್ರೂ ಇಡ್ತಾಳೆ. ಕತ್ತಲೆ ಗೆದ್ದೆ ಅಂದ್ಕೋಬಾರ್ದು ಅಂತ."

ಸುಧಾ ಎಡಗೈಯಲ್ಲಿ ಆ ಹುಡುಗಿಯ ಕೆನ್ನೆ ಸವರಿದಳು.

ಗಂಟೆ ಹೊಡೆಯಿತು. ಆನಂದ್ ಕನ್ನಡಕ ತೆಗೆದು ಒರೆಸುತ್ತ ನಿಂತಿದ್ದರು. "ಮಲ್ಲಪ್ಪೋರೆ, ಇದನ್ನ ಬೋರ್ಡಿನವರಿಗೆ ಹೆಂಗ್ ತೋರ್ಸೋದು?"

"ತೋರ್ಸೋದು ಏನೂ ಬೇಡ ಸರ್. ಅವರು ಕೇಳಿದ್ರಲ್ಲ, ಪಾಠ ಮಾಡಬಲ್ಲರಾ ಅಂತ. ಆವತ್ತೇ ಇವಳು ಹೇಳಿದ್ಳು. ಅವರಿಗೆ ಕೇಳಿಸ್ಲಿಲ್ಲ."

ಆರ್ಡರು ಬದಲಾಗುವುದಿಲ್ಲ. ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಶಾಲು ಹೊದಿಸಲು ಬಂದಾಗ ಅದನ್ನು ತೆಗೆದುಕೊಂಡು ತನ್ನ ಕುರ್ಚಿಯ ಬೆನ್ನಿಗೆ ಹಾಕಿ ಹೊರಟುಬಿಟ್ಟಳು. ಬುಟ್ಟಿಯ ಹಣ್ಣನ್ನು ಎಂಟನೇ ತರಗತಿಯವರಿಗೆ ಕೊಡಿಸಿದಳು. ಮುಂದಿನ ಶನಿವಾರವೂ ಬರುತ್ತಾಳಂತೆ. ಕರೆದವರು ಯಾರೂ ಇಲ್ಲ. ಬೇಡ ಎನ್ನುವ ಧೈರ್ಯವೂ ಯಾರಿಗೂ ಇದ್ದಂತಿಲ್ಲ.

ಮಾರ್ಚ್ 9, ಭಾನುವಾರ

ಬೆಳಿಗ್ಗೆ ನಾನು ಕಾದಂಬರಿ ತೆಗೆದೆ. ಇದು ಆರನೆಯದೋ ಏಳನೆಯದೋ. ಸುಧಾ ಪುಸ್ತಕದ ಮೇಲೆ ಕೈಯಿಟ್ಟು ಮುಚ್ಚಿದಳು.

"ನಾನು... ಹೇಳ್ತೀನಿ."

"ಏನ್ ಹೇಳ್ತೀಯ?"

"ಆವತ್ತು."

ಯಾವತ್ತು ಎಂದು ಕೇಳಬೇಕಾಗಲಿಲ್ಲ. ಅತ್ತೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದರು. ಆವತ್ತಿನ ಬಗ್ಗೆ ನಾವು ಡಾಕ್ಟರಿಗೆ ಹೇಳಿದ್ದೇವೆ, ನೆಂಟರಿಗೆ ಹೇಳಿದ್ದೇವೆ, ಸ್ಕೂಲಿಗೆ ಬರೆದುಕೊಟ್ಟಿದ್ದೇವೆ. ಅವಳಿಂದ ಯಾರೂ ಕೇಳಿರಲಿಲ್ಲ.

ತಿಂಡಿಯಾದ ಮೇಲೆ ಶುರು ಮಾಡಿದವಳು ಮುಗಿಸುವ ಹೊತ್ತಿಗೆ ಬಿಸಿಲು ಅಂಗಳದಿಂದ ಜಗಲಿಗೆ ಏರಿತ್ತು. ನಡುನಡುವೆ ಮಾತು ಸಿಗದೆ ಕಣ್ಣು ಮುಚ್ಚಿ ಕೂರುತ್ತಿದ್ದಳು. ನಾನು ಎತ್ತಿಕೊಡಲು ಬಾಯಿ ತೆರೆದರೆ ಕೈಯೆತ್ತಿ ತಡೆಯುತ್ತಿದ್ದಳು. ಬಂದದ್ದನ್ನು ಬಂದ ಹಾಗೇ ಬರೆದಿದ್ದೇನೆ.

"ಹಾಲು... ಇಟ್ಟೆ. ಹಾಲು ಉಕ್ತು. ಕೈ... ಹೋಗ್ಲಿಲ್ಲ. ನೋಡ್ದೆ. ಕೈ... ನಂದಲ್ಲ. ಅಮ್ಮಾ ಅಂದೆ. ಒಳಗೆ... ಅಂದೆ. ಹೊರಗೆ ಬರ್ಲಿಲ್ಲ. ಬಿದ್ದೆ. ನೆಲ... ತಣ್ಣಗೆ. ನಿಮ್ಮನ್ನ... ಕರೀಬೇಕು. ಹೆಸರು... ಹೆಸರು ಹೋಯ್ತು."

"ಆಮೇಲೆ?" ಎಂದೆ.

"ಬಂದ್ರಿ. ಎತ್ತಿದ್ರಿ. ಯಾರು... ಗೊತ್ತಿಲ್ಲ. ಯಾರೋ... ಒಳ್ಳೇವ್ರು... ಅಂದ್ಕೊಂಡೆ."

ನಾನು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತೆ. ಹೊರಗೆ ನೋಡುವಂಥದ್ದು ಏನೂ ಇರಲಿಲ್ಲ.

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ, "ಎಲ್ಲ ನಿಜ ಕಣೆ ಮಗಳೆ. ಆದ್ರೆ ಹಾಲೆಲ್ಲಿ ಉಕ್ಕಿತ್ತು? ಗ್ಯಾಸ್ ಹಚ್ಚೇ ಇರ್ಲಿಲ್ಲ. ಪಾತ್ರೇಲಿ ಹಾಲು ತಣ್ಣಗೇ ಇತ್ತು, ನಾನೇ ನೋಡಿದ್ನಲ್ಲ," ಎಂದರು.

ಸುಧಾ ತಾಯಿಯ ಕಡೆ ತಿರುಗಿದಳು. ಕ್ಲಾಸಿನಲ್ಲಿ ಹುಡುಗರನ್ನು ನೋಡುವ ನೋಟ ಅದು.

"ಉಕ್ತು," ಎಂದಳು. "ನನ್ನ... ಕತೆ."

ಅತ್ತೆ ನನ್ನ ಮುಖ ನೋಡಿದರು. ನಾನು ಕಿಟಕಿ ಬಿಟ್ಟು ಬಂದು ಕೂತು ಪೆನ್ನು ತೆಗೆದುಕೊಂಡೆ. ಹಾಲು ಉಕ್ಕಿತು ಎಂದೇ ಬರೆದಿದ್ದೇನೆ. ಅದು ಹಾಗೇ ಇರುತ್ತದೆ.